ಲೆಕ್ಕಕ್ಕಿಲ್ಲದ ಮೂರು ಕಿತ್ತಳೆ

"ಏಯ್! ನಮ್ಮ ನೀರಿಗೆ ಏನ್ರೀ ಎಸೀತಿದೀರಾ?"

ದೋಣಿ ಕಟ್ಟುವ ಜೆಟ್ಟಿಯಿಂದ ಟ್ಯಾಮ್ಸಿನ್ ಕೂಗಿದ ರಭಸಕ್ಕೆ ದಂಡೆಯ ಪೆಲಿಕನ್‌ಗಳು ಹಾರಿಹೋದವು. ಎದುರಿನ ದೋಣಿಯಲ್ಲಿದ್ದವನ ಕೈ ಗಾಳಿಯಲ್ಲೇ ನಿಂತಿತು. ಆ ಕೈಯಲ್ಲಿ... ಒಂದು ಕಿತ್ತಳೆ!

"ಕಿತ್ತಳೆ," ಎಂದ.

"ಅದು ನನಗೂ ಕಾಣುತ್ತೆ. ಯಾಕೆ?"

"ನೀರು ಯಾವ ಕಡೆ ಹೋಗುತ್ತೆ ಅಂತ ನೋಡೋಕೆ. ನಾನು ಸೆಮಿಸಿ. ಕೌನ್ಸಿಲ್‌ನೋರು ಕಳ್ಸಿದಾರೆ."

ಕೌನ್ಸಿಲ್! ಪಟ್ಟಣದ ಕೊಳಚೆ ಪೈಪನ್ನು ಕುರಾಂಬಾ ಅಳಿವೆಗೆ ತಂದು ಬಿಡಬೇಕೆಂದಿದ್ದವರು ಅವರೇ. ಆ ನೀರು, ಸಿಂಪಿ ಬೆಳೆಸಲು ಅಳಿವೆಯಲ್ಲಿ ಸಾಲಾಗಿ ಕಟ್ಟಿದ ತಮ್ಮ ಬುಟ್ಟಿಗಳಿಗೆ ಬಂದರೆ ಆ ಸಿಂಪಿ ತಿನ್ನಲು ಮಾರುವ ಹಾಗಿಲ್ಲ. ಅಜ್ಜನ ಕಾಲದ ಕಸುಬು ಅಲ್ಲಿಗೆ ಮುಗಿದಂತೆ.

"ಆ ಕಡೆ ಸರಿಯಿರಿ," ಎನ್ನುತ್ತಲೇ ಅವನ ದೋಣಿಗೆ ಹಾರಿದಳು.

"ಸಹಾಯ ಮಾಡೋಕಾ?"

"ನಿಮ್ಮ ಮೇಲೆ ಕಣ್ಣಿಡೋಕೆ!"

ಅವನು ನಕ್ಕ. ಆ ನಗು ಚೆನ್ನಾಗಿತ್ತು. ಅದಕ್ಕೇ ಅವಳಿಗೆ ಅನುಮಾನ ಇನ್ನೂ ಹೆಚ್ಚಾಯಿತು.

ಒಂದೊಂದು ಹಣ್ಣಿನ ಸಿಪ್ಪೆಯ ಮೇಲೂ ಕಪ್ಪು ಮಸಿಯಲ್ಲಿ ನಂಬರ್ ಇತ್ತು. ಒಟ್ಟು ನಲವತ್ತು. ಆಳ, ಗಾಳಿ, ಉಬ್ಬರ, ಇಳಿತ ಎಲ್ಲವನ್ನೂ ಸಮೀಕರಣಗಳಲ್ಲಿ ಹೆಣೆದು ಸೆಮಿಸಿ ಇಡೀ ಅಳಿವೆಯನ್ನೇ ಕಂಪ್ಯೂಟರಿನೊಳಗೆ ಕಟ್ಟಿದ್ದ. ಆ ಗಣಿತದ ನದಿಯಲ್ಲಿ ಇಳಿತದ ನೀರೆಲ್ಲ ನೇರ ಸಮುದ್ರ ಸೇರುತ್ತಿತ್ತು. ನಿಜದ ನದಿಯೂ ಹಾಗೆಯೇ ಹರಿಯುತ್ತದೆಯೇ? ಅದನ್ನು ಪರೀಕ್ಷಿಸಲು ಈ ಹಣ್ಣುಗಳು.

"ನಿಮ್ಮ ಲೆಕ್ಕ ತಪ್ಪು," ತೆರೆ ನೋಡುತ್ತಾ ಅವಳೆಂದಳು. "ಆ ಮ್ಯಾಂಗ್ರೋವ್ ಗಿಡಗಳ ದಿಬ್ಬದ ಹಿಂದೆ ನೀರು ನಮ್ಮ ಬುಟ್ಟಿಗಳ ಕಡೆಗೆ ವಾಪಸ್ ತಿರುಗುತ್ತೆ. ಇಳಿತದಲ್ಲೂ!"

"ಎಲ್ಲಿ? ತೋರ್ಸಿ."

ಇಷ್ಟು ವರ್ಷಗಳಲ್ಲಿ ಕೌನ್ಸಿಲ್‌ನವರು ಯಾರೂ ಹಾಗೆ ಕೇಳಿರಲಿಲ್ಲ... ಅವಳು ಬೆರಳು ಮಾಡಿದಲ್ಲೆಲ್ಲ ಅವನು ಆಳ ಅಳೆದ, ಹಣ್ಣುಗಳನ್ನು ತೇಲಿಬಿಟ್ಟು ಅವು ಹೋಗುವ ದಾರಿ ನೋಡಿದ. ಸಂಜೆಯವರೆಗೂ, ಮಾರನೆಯ ದಿನವೂ, ಅದರ ಮಾರನೆಯ ದಿನವೂ.

'ನನ್ನ ಮಾತು ಕೇಳ್ತಿದಾನಾ, ಇಲ್ಲ ನನ್ನ ಬಾಯಿ ಮುಚ್ಚಿಸ್ತಿದಾನಾ?'

ನಾಲ್ಕನೆಯ ದಿನ ಜೆಟ್ಟಿಯಲ್ಲಿ ಅವನೇ ವರದಿಯನ್ನು ಅವಳ ಕೈಗಿಟ್ಟ. "ನಾಳೆ ಕೌನ್ಸಿಲ್ ಸಭೆ. ಮೊದಲು ನೀವು ಓದಿ."

ಓದಿದಳು. ಮೂವತ್ತೇಳು ಹಣ್ಣು ಸಮುದ್ರ ಸೇರುವ ಅಳಿವೆಬಾಯಲ್ಲಿ ಸಿಕ್ಕಿದ್ದವು. ಏಳು, ಹತ್ತೊಂಬತ್ತು, ಮೂವತ್ತೊಂದು... ಇವುಗಳ ಎದುರು ಒಂದೇ ಪದ: 'ಲೆಕ್ಕಕ್ಕಿಲ್ಲ'.

"ದಿಬ್ಬದ ಹಿಂದೆ ಹೋದ ಮೂರೂ ಇವೇ! ನಾನೇ ನೋಡಿದೀನಿ!"

"ಹೋಗಿದ್ದು ನಾನೂ ನೋಡ್ದೆ. ನೀವು ತೋರ್ಸಿದ ಆಳ ಸೇರಿಸಿದ ಮೇಲೆ, ಬುಟ್ಟಿ ಹತ್ರ ಬರ್ತವೆ ಅಂತಾನೇ ನನ್ನ ಲೆಕ್ಕಾನೂ ಹೇಳುತ್ತೆ. ಆದ್ರೆ ಅಲ್ಲಿ ಒಂದೂ ಸಿಗ್ಲಿಲ್ಲ, ಟ್ಯಾಮ್ಸಿನ್. ಸಿಗದೆ ಇರೋದನ್ನ ಸಿಕ್ತು ಅಂತ ಹೇಗೆ ಬರೀಲಿ?"

"ನೀವೇ ಎತ್ತಿ ಬಚ್ಚಿಟ್ರಿ! ಆಮೇಲೆ ಲೆಕ್ಕಕ್ಕಿಲ್ಲ... ನನ್ನ ಮಾತು, ನಾನು, ಯಾವುದೂ ಲೆಕ್ಕಕ್ಕಿಲ್ಲ, ಅಲ್ವಾ?"

ಅವನ ಮುಖ ಬಾಡಿತು. ಜೇಬಿಗೆ ಹಾಕಿದ ಕೈಯನ್ನು ಹಾಗೇ ಹೊರಗೆ ತೆಗೆದ. ಅವಳು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಚಹಾಕ್ಕೆಂದು ಸೌದೆ ಒಲೆ ಹಚ್ಚಲು ಕೂತಳು. ಬೆಂಕಿ ಬೇಗ ಹತ್ತಲೆಂದು ಅಪ್ಪ ಡೆಸ್ ಕಿಟಕಿಯಲ್ಲಿ ಕಿತ್ತಳೆ ಸಿಪ್ಪೆ ಒಣಗಿಸಿಡುತ್ತಿದ್ದ. ಒಂದು ಸಿಪ್ಪೆ ತೆಗೆದು ಒಲೆಗೆ ಹಿಡಿದಳು...

ಕೈ ಅಲ್ಲೇ ನಿಂತಿತು.

ಹತ್ತೊಂಬತ್ತು!

"ಅಪ್ಪಾ!! ಈ ಹಣ್ಣು ಎಲ್ಲಿತ್ತು?"

"ನಮ್ಮ ಬುಟ್ಟಿಗಳಲ್ಲಿ. ಮೂರನೇ ಸಾಲು. ಯಾಕೆ?"

"ಮೇಲೆ ನಂಬರ್ ಇತ್ತಲ್ಲಪ್ಪಾ!"

"ಅಂಗಡಿಯೋರು ಬರೆದಿರ್ತಾರೆ ಅಂದ್ಕೊಂಡೆ. ನಮ್ಮ ಸಾಲಿಗೆ ತೇಲಿ ಬಂದಿದ್ದು ನಮ್ಮದು, ಮಗಳೇ. ನಿಮ್ಮಜ್ಜ ಒಂದ್ಸಲ ಕುರ್ಚೀನೇ ತಂದಿದ್ರು. ಮೂರೂ ಸಿಹಿ ಇದ್ವು ಬಿಡು."

ಅವಳಿಗೆ ಅಳು, ನಗು ಒಟ್ಟಿಗೇ ಬಂದವು. ಎಂಥ ಮಾತಾಡಿಬಿಟ್ಟೆ ಅವನಿಗೆ!

ಸಿಪ್ಪೆಗಳನ್ನು ಟೋಪಿಗೆ ತುಂಬಿಕೊಂಡು ಓಡಿದಳು. ಜೆಟ್ಟಿಯಲ್ಲಿ ಸೆಮಿಸಿ ದೋಣಿಯನ್ನು ಗಾಡಿಗೆ ಕಟ್ಟುತ್ತಿದ್ದ.

"ಕಳ್ಳ ಸಿಕ್ಕಿದ," ಏದುಸಿರು ಬಿಡುತ್ತಾ ಟೋಪಿ ಚಾಚಿದಳು. "ನಮ್ಮಪ್ಪ. ತಿಂದುಬಿಟ್ಟಿದಾನೆ."

ಅವನು ಒಂದೊಂದೇ ಸಿಪ್ಪೆ ತಿರುಗಿಸಿ ನೋಡಿದ. ಏಳು... ಮೂವತ್ತೊಂದು... ಕಣ್ಣು ಅರಳಿತು. "ಹಾಗಾದ್ರೆ ನಿಮ್ಮ ತಿರುವು ನಿಜ! ಈ ವರದಿ ವಾಪಸ್ ತಗೋತೀನಿ. ಬರೀ ಸಿಪ್ಪೆ ಸಾಲಲ್ಲ, ಮತ್ತೆ ನಲವತ್ತು ಬಿಡಬೇಕು. ಈ ಸಲ ನಿಮ್ಮಪ್ಪನ ಕೈ ಕಟ್ಟಿ ಹಾಕಿ."

"ಸೆಮಿಸಿ... ನಿನ್ನ ಕಳ್ಳ ಅಂದೆ ನಾನು."

ಅವಳ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಕೇಳಿಸಿತು.

ಅವನು ಜೇಬಿನಿಂದ ಒಂದು ಕಿತ್ತಳೆ ತೆಗೆದ. ಅದರ ಮೇಲೆ ನಂಬರ್ ಇರಲಿಲ್ಲ.

"ಇದು ನದಿಗಲ್ಲ. ನಿನ್ನೆ ವರದಿ ಜೊತೆ ಕೊಡೋಣ ಅಂತಿದ್ದೆ. ನೀನು ನಿಲ್ಲಲೇ ಇಲ್ಲ."

"ಇದು ಎಲ್ಲಿಗೆ ಹೋಗಿ ಸೇರುತ್ತೆ ಅಂತ ನಿನ್ನ ಲೆಕ್ಕ ಹೇಳಿತ್ತು?"

"ಮೊದಲ ದಿನದಿಂದ ಒಂದೇ ಉತ್ತರ ಬರ್ತಿದೆ. ನಂಬೋಕೇ ನಂಗೆ ಭಯ ಆಗಿತ್ತು."

ಅವಳು ಹಣ್ಣಿನ ಜೊತೆ ಅವನ ಬೆರಳುಗಳನ್ನೂ ಹಿಡಿದುಕೊಂಡಳು.

"ಬರ್ಕೋ," ಎಂದಳು ಮೆಲ್ಲಗೆ. "ಸಿಕ್ತು ಅಂತ."