ನೂರು ತುಂಬದ ಹುಣಸೆ

ಸೂಜಿ ಹುಣಸೆಮರದ ತೊಗಟೆ ದಾಟಿ ಒಳಗೆ ಇಳಿಯತೊಡಗಿದಾಗ ಸಂತೆಯಲ್ಲಿ ಎಲ್ಲರೂ ತಕ್ಕಡಿ ಕೆಳಗಿಟ್ಟರು. ಕೂದಲೆಳೆಗಿಂತ ತುಸುವೇ ದಪ್ಪದ ಸೂಜಿ ಅದು. ಕಾಂಡದ ನಡುವಿನವರೆಗೆ ಹೋಗಿ, ದಾರಿಯುದ್ದಕ್ಕೂ ಕಟ್ಟಿಗೆಯ ಧೂಳನ್ನು ಕಣಕಣವಾಗಿ ಹೀರಿಕೊಂಡು ಹೊರಬರಲು ಹನ್ನೊಂದು ನಿಮಿಷ ಹಿಡಿಯುತ್ತದೆ. ಆ ಹನ್ನೊಂದು ನಿಮಿಷ ಡಾ. ಇಂದುಮತಿ ಹೊಂಬಳ ಯಂತ್ರದ ಪರದೆಯನ್ನು ನೋಡದೆ ನೆಲ ನೋಡುತ್ತ ನಿಂತಿದ್ದಳು. ಯಂತ್ರವನ್ನು ಕಂಡುಹಿಡಿದವಳೇ ಅವಳು. ಆದರೂ, ಇದೊಂದು ಸಲ ಇದು ಕೆಟ್ಟುಹೋಗಬಾರದೇ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು.

ಮುಗಳಿಕೇರಿಯ ಶನಿವಾರದ ಸಂತೆ ಕೂಡುವುದೇ ಈ ಮರದ ಕೆಳಗೆ. ನಲವತ್ತು ಮಂದಿ ಕಾಯಿಪಲ್ಲೆ ಮಾರುವ ಹೆಂಗಸರಿಗೆ ಸೂರು, ಗೋಡೆ, ಗಡಿಯಾರ ಎಲ್ಲವೂ ಅದೇ. ನೆರಳು ಕಟ್ಟೆ ಇಳಿದರೆ ಊಟದ ಹೊತ್ತು. ಈಗ ಜಾಗದ ಒಡೆಯರು ಅಲ್ಲಿ ಮಾಲ್ ಕಟ್ಟಲು ಹೊರಟು, ಮರ ಕಡಿಯಲು ನಗರಸಭೆಗೆ ಅರ್ಜಿ ಹಾಕಿದ್ದರು. ಮರಕ್ಕೆ ನೂರು ವರ್ಷ ತುಂಬಿದ್ದರೆ ಅದು ‘ಪಾರಂಪರಿಕ ಮರ’, ಅದರ ಎಲೆ ಕಿತ್ತರೂ ದಂಡ. ತುಂಬಿರದಿದ್ದರೆ ಬೇರೆಲ್ಲೋ ಹತ್ತು ಸಸಿ ನೆಟ್ಟು ಕಡಿಯಬಹುದು. 2068ರ ಆ ಶನಿವಾರ ಸೂಜಿ ಹೇಳಬೇಕಾಗಿದ್ದು ಅಷ್ಟನ್ನೇ.

ಈ ನೂರರ ನಿಯಮ ಸೂಜಿಗಿಂತ ಹಳೆಯದು. ಆದರೆ ಆಗ ವಯಸ್ಸನ್ನು ಗೊತ್ತುಮಾಡುವ ಬಗೆಯೇ ಬೇರೆ ಇತ್ತು. ಮರದ ಆಸುಪಾಸಿನ ಐವರು ಹಿರಿಯರು ನಗರಸಭೆಗೆ ಬಂದು, ‘ಇದು ನಮ್ಮ ಅಜ್ಜಂದಿರ ಕಾಲದ್ದು’ ಎಂದು ಸಾಕ್ಷಿ ಹೇಳಿ ಹೆಬ್ಬೆಟ್ಟು ಒತ್ತಿದರೆ ಸಾಕಿತ್ತು. ಹಿರಿಯರು ಸುಳ್ಳು ಹೇಳುವುದರಲ್ಲಿ ಜಿಪುಣತನ ಮಾಡಿದವರಲ್ಲ. ಅವರ ಲೆಕ್ಕದಲ್ಲಿ ಮೊನ್ನೆ ಮೊನ್ನೆ ನೆಟ್ಟ ಬೇವಿಗೂ ಇನ್ನೂರು ವರ್ಷ, ಹೈಸ್ಕೂಲಿನ ಹಿಂದಿನ ಆಲದ ಕೆಳಗೆ ಯಾವುದೋ ರಾಜನ ಕುದುರೆ ನೀರು ಕುಡಿದಿತ್ತು. ಮರದ ಅಧಿಕಾರಿಗಳು ಮೀಸೆಯಲ್ಲೇ ನಕ್ಕು ಮೊಹರು ಹಾಕುತ್ತಿದ್ದರು.

ಇಂದುಮತಿಗೆ ಇದು ನಗೆಯ ಮಾತಾಗಿರಲಿಲ್ಲ. ಅವಳು ಸಂಶೋಧನೆ ಮಾಡುತ್ತಿದ್ದ ವಯಸ್ಸಿನಲ್ಲಿ ಆಸ್ಪತ್ರೆ ರಸ್ತೆಯ ಒಂದು ಬೇವಿನ ಮರ ಕೋರ್ಟಿನ ಮೆಟ್ಟಿಲು ಹತ್ತಿತ್ತು. ಎಂಬತ್ತರ ಮುದುಕನೊಬ್ಬ, ನೂರಿಪ್ಪತ್ತು ವರ್ಷದ ಹಿಂದೆ ಅದನ್ನು ನೆಟ್ಟದ್ದನ್ನು ಕಣ್ಣಾರೆ ಕಂಡೆ ಎಂದುಬಿಟ್ಟ. ವಕೀಲ ಅವನನ್ನು ಹಿಂಡಿ ಹಿಪ್ಪೆ ಮಾಡಿದ. ಕೋರ್ಟು ತುಂಬ ನಗು. ವಾರದಲ್ಲಿ ಮರ ಉರುಳಿತು. ಇಂದುಮತಿ ಹೋಗಿ ಬುಡದಲ್ಲಿ ವರ್ಷವರ್ಷ ಮೂಡಿದ ಬಳೆಗಳನ್ನು ಎಣಿಸಿದಳು. ನೂರಾ ಮೂವತ್ತೊಂದು ಇದ್ದವು. ಅವತ್ತು ಅವಳು ಆ ಬುಡದ ಪಕ್ಕ ಕೂತು ಅತ್ತಳು. ಸುಳ್ಳು ಸಾಕ್ಷಿ ನಿಜವಾದ ಮರವನ್ನು ಕೊಂದಿತು, ಇನ್ನು ಮರವೇ ತನ್ನ ಸಾಕ್ಷಿ ಹೇಳಲಿ ಎಂದು ಹಟ ತೊಟ್ಟಳು.

ಹದಿನಾಲ್ಕು ವರ್ಷದ ದುಡಿಮೆಯ ಮೇಲೆ ‘ವಯೋಸೂಚಿ’ ಸಿದ್ಧವಾಯಿತು. ಊರಿನವರ ಬಾಯಲ್ಲಿ ಬರೀ ಸೂಜಿ. ನಮ್ಮ ಸೀಮೆಯ ಮರಗಳಲ್ಲಿ ವರ್ಷದ ಬಳೆಗಳು ನೆಚ್ಚುವಂತಿರುವುದಿಲ್ಲ. ಬರದ ವರ್ಷ ಬಳೆ ಮೂಡದೆ ಹೋಗಬಹುದು, ಎರಡು ಸಲ ಮಳೆಯಾದರೆ ಎರಡು ಮೂಡಬಹುದು. ಅದಕ್ಕೇ ಸೂಜಿ ಬಳೆಗಳ ಜೊತೆಗೆ ಕಟ್ಟಿಗೆಯಲ್ಲಿರುವ ಇಂಗಾಲವನ್ನೂ ಓದುತ್ತದೆ. ಹಿಂದಿನ ಶತಮಾನದ ನಡುವೆ ಬಲಾಢ್ಯ ದೇಶಗಳು ನಡೆಸಿದ ಅಣುಬಾಂಬ್ ಪರೀಕ್ಷೆಗಳಿಂದ ಒಂದು ಬಗೆಯ ಭಾರದ ಇಂಗಾಲ ಗಾಳಿಯಲ್ಲಿ ಹೆಚ್ಚಿ, ಆಮೇಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ಗಾಳಿ ಕುಡಿದು ಬದುಕುವ ಮರ ಆ ಗುರುತನ್ನು ಕಾಲಾನುಕ್ರಮದಲ್ಲಿ ಒಳಗೆ ಇಟ್ಟುಕೊಂಡಿರುತ್ತದೆ. ಸೂಜಿ ಅದನ್ನು ಓದಿ, ಮರ ಮೊಳೆತ ವರ್ಷವನ್ನಷ್ಟೇ ಅಲ್ಲ, ತಿಂಗಳನ್ನೂ ಹೇಳುತ್ತಿತ್ತು. ಫಲಿತಾಂಶ ನೇರ ನಗರಸಭೆಯ ದಾಖಲೆಗೆ ಹೋಗಬೇಕು, ನಡುವೆ ಯಾರೂ ಕೈಯಾಡಿಸುವಂತಿರಬಾರದು ಎಂದು ಇಂದುಮತಿ ಪಟ್ಟು ಹಿಡಿದಳು. ಹಿರಿಯರ ಸಾಕ್ಷಿಯ ಕಲಮನ್ನು ಕಿತ್ತುಹಾಕಿ ಎಂದು ಶಿಫಾರಸು ಬರೆದವಳೂ ಅವಳೇ.

ಮೊದಲ ವರ್ಷ ಇನ್ನೂರ ಹದಿನಾಲ್ಕು ಮರಗಳಿಗೆ ಹಿತ್ತಾಳೆಯ ಫಲಕ ಬಂತು. ಅವಳಿಗೆ ಶಾಲು ಹೊದಿಸಿದರು. ಎರಡನೆಯ ವರ್ಷದಿಂದ ಮನೆಯ ಹಿತ್ತಲು, ಗಿರಣಿಯ ಅಂಗಳ, ಮಠದ ತೋಟದವರೆಲ್ಲ ತಾವಾಗಿ ಬಂದು ಮರಗಳ ವಯಸ್ಸು ತೆಗೆಸತೊಡಗಿದರು. ಜನಕ್ಕೆ ಮರಗಳ ಮೇಲೆ ಎಷ್ಟು ಪ್ರೀತಿ ಎಂದು ಅವಳು ಹಿಗ್ಗಿದಳು. ಪಾಪ, ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬಿದ ಹೆಂಗಸು!

ಅವರು ತಿಳಿಯಲು ಬಂದದ್ದು ತಮ್ಮ ಮರಕ್ಕೆ ನೂರಾಗಲು ಇನ್ನೆಷ್ಟು ವರ್ಷ ಉಳಿದಿದೆ ಎಂದು. ತೊಂಬತ್ತೇಳೆಂದು ಸೂಜಿ ಹೇಳಿದರೆ ಆ ವರ್ಷವೇ ಕೊಡಲಿ ಬೀಳುತ್ತಿತ್ತು. ನೂರು ತುಂಬಿದರೆ ಜಾಗ ಶಾಶ್ವತವಾಗಿ ಕೈತಪ್ಪಿತಲ್ಲ! ವಯಸ್ಸು ಗೊತ್ತಿಲ್ಲದಿದ್ದಾಗ, ಎಲ್ಲಿ ಹಳೆಯದಿದ್ದು ಜೈಲಾದೀತೋ ಎಂಬ ಅಂಜಿಕೆಯಾದರೂ ಇತ್ತು. ಆ ಅಂಜಿಕೆಯನ್ನು ಇಂದುಮತಿ ತನ್ನ ಕೈಯಾರೆ ತೆಗೆದುಹಾಕಿದ್ದಳು. ಆರು ವರ್ಷದಲ್ಲಿ ಮುಗಳಿಕೇರಿಯ ಒಂದೇ ಒಂದು ಮರವೂ ಹೊಸದಾಗಿ ನೂರು ದಾಟಲಿಲ್ಲ. ಮಿತಿಯನ್ನು ಐವತ್ತಕ್ಕೆ ಇಳಿಸಿ ಎಂದು ಅವಳು ಮೊರೆಯಿಟ್ಟಳು. ಪಕ್ಕದ ತಾಲ್ಲೂಕಿನಲ್ಲಿ ಹಾಗೆ ಇಳಿಸಲು ಹೋಗಿ, ಆಕ್ಷೇಪಣೆಗೆಂದು ಕೊಟ್ಟ ತೊಂಬತ್ತು ದಿನಗಳಲ್ಲಿ ಐವತ್ತು ದಾಟಿದ ಮರಗಳೆಲ್ಲ ನೆಲಕಚ್ಚಿದ ಸುದ್ದಿ ಬಂದಮೇಲೆ ಅವಳ ಬಾಯಿಯೂ ಕಟ್ಟಿತು. ಇಲ್ಲೂ ಮಿತಿ ಇಳಿದೀತೆಂಬ ಅಂಜಿಕೆಗೆ, ವಯಸ್ಸು ತೆಗೆಸಿದವರೆಲ್ಲ ನಲವತ್ತು ದಾಟಿದ ಮರಗಳನ್ನೂ ಕಡಿಸಿಬಿಟ್ಟರು.

ಯಂತ್ರ ಸಣ್ಣಗೆ ಸದ್ದು ಮಾಡಿತು. ಇಂದುಮತಿ ಪರದೆ ನೋಡಿದಳು.

“ಎಷ್ಟಾತ್ರಿ ಅಕ್ಕೋರ?” ಎಂದು ಫಕೀರವ್ವ ಕೇಳಿದಳು. ಸಂತೆಯ ಹೆಂಗಸರಿಗೆಲ್ಲ ಹಿರಿಯಳಾದ ಅವಳು ಮೆಣಸಿನಕಾಯಿಯ ಬುಟ್ಟಿ ಬಿಟ್ಟು ಎದ್ದು ಬಂದಿದ್ದಳು.

“ತೊಂಬತ್ತೊಂಬತ್ತು ವರ್ಷ, ಎರಡು ತಿಂಗಳು.”

“ಹಂಗಾರ ನೂರಾ ಆತಲ್ರಿ!”

“ಆಗಿಲ್ಲ ಫಕೀರವ್ವಾ. ಇನ್ನೂ ಹತ್ತು ತಿಂಗಳು ಬೇಕು.”

ಇಂದುಮತಿ ಪಕ್ಕದಲ್ಲಿದ್ದ ಮರದ ಅಧಿಕಾರಿ ನೀಲಕಂಠ ಸವಡಿಯ ಕಡೆ ತಿರುಗಿದಳು. “ಹತ್ತು ತಿಂಗಳು ಈ ಅರ್ಜಿಯನ್ನು ತಡೆಹಿಡಿಯೋಕೆ ಆಗೋದಿಲ್ವಾ ಸವಡಿಯವರೇ?”

“ಹದಿನೈದು ದಿನದಾಗ ತೀರ್ಪು ಕೊಡಬೇಕ್ರಿ ಮ್ಯಾಡಂ. ಫೈಲು ಕೊಳೀಬಾರದು ಅಂತ ಆ ಕಲಮು ನೀವ ಹಾಕಿಸಿದ್ರಿ,” ಎಂದ ಅವನು. ಚುಚ್ಚಬೇಕೆಂದು ಅಂದದ್ದಲ್ಲ, ಅವನ ಮುಖವೂ ಬಾಡಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಐವರು ಮುದುಕರು ಬರುತ್ತಿದ್ದರು. ಮದುವೆಗೆ ಹೊರಟವರ ಹಾಗೆ ಒಗೆದ ಧೋತರ, ರುಮಾಲು. ಎಲ್ಲರಿಗಿಂತ ಹಿರಿಯನಾದ ಹುಚ್ಚೀರಪ್ಪನಿಗೆ ಎಂಬತ್ತಾರು. ಅವನು ಕೋಲೂರಿ ನಿಂತು, ಸವಡಿಗೆ ಕೈಮುಗಿದು ಶುರುಮಾಡಿದ:

“ಬರಕೋರಿ ಸಾಹೇಬರ. ಈ ಹುಣಸಿಗಿಡಾ ನಮ್ಮ ಮುತ್ತ್ಯಾನ ಮುತ್ತ್ಯಾ ಹಚ್ಚಿದ್ದು. ಇದರ ಬುಡಕ್ಕ ಬ್ರಿಟಿಷರ ಕಲೆಕ್ಟರ್ ಡೇರೆ ಹೊಡದಿದ್ದ. ಐದೂ ಮಂದಿ ಹೆಬ್ಬೆಟ್ಟು ಒತ್ತತೀವಿ.”

ಸವಡಿ ತಲೆ ತಗ್ಗಿಸಿದ. “ಅಜ್ಜಾರ, ಈಗ ಹೆಬ್ಬೆಟ್ಟು ನಡ್ಯಾಂಗಿಲ್ಲ. ಆ ಕಲಮು ತಗದು ಆರು ವರ್ಷಾತು.”

“ಯಾರು ತಗದ್ರು?”

“ನಾನು,” ಎಂದಳು ಇಂದುಮತಿ. ಅವಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. “ನೀವು ಹೇಳುತ್ತಿದ್ದದ್ದು ಸುಳ್ಳಲ್ವಾ ಅಜ್ಜಾ?”

ಹುಚ್ಚೀರಪ್ಪ ಕೋಲನ್ನು ಮರಕ್ಕೊರಗಿಸಿ ಅವಳ ಕಡೆ ತಿರುಗಿದ. ಬಯ್ಯುತ್ತಾನೆಂದು ಅವಳು ಕಾದಳು. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಸುಳ್ಳ ಐತಿ, ತಂಗಿ. ನಾ ಸಣ್ಣಾಂವಿದ್ದಾಗ ಇದರ ಟೊಂಗಿ ಹಿಡದು ಜೋತಾಡಿದ್ರ ಬಾಗಿ ನೆಲಾ ಮುಟ್ಟತಿತ್ತು. ಇದು ನನಗಿಂತ ಎಷ್ಟು ದೊಡ್ಡದು ಅಂತ ನನಗ ಗೊತ್ತಿಲ್ಲೇನು? ಒಂದು ಸಲ ಸುಳ್ಳು ಹೇಳಿದ್ರ ಗಿಡಾ ಉಳೀತಿತ್ತು. ಉಳದ್ರ ನೂರು ತುಂಬತಿತ್ತು. ನಾವು ಹೇಳಿದ್ದು ಆಮ್ಯಾಲೆ ಖರೇ ಆಗತಿತ್ತವಾ. ನೀ ಅದಕ ಅಷ್ಟು ಪುರಸೊತ್ತು ಕೊಡಲಿಲ್ಲ.”

ಆಸ್ಪತ್ರೆ ರಸ್ತೆಯ ಒಂದು ಬೇವಿಗಾಗಿ ಅವಳು ಊರಿನ ಮುದುಕರ ಬಾಯಿ ಮುಚ್ಚಿಸಿದ್ದಳು. ಆ ಬಾಯಿಗಳ ಮರೆಯಲ್ಲಿ ಎಷ್ಟು ಮರಗಳು ಸದ್ದಿಲ್ಲದೆ ತೊಂಬತ್ತರಿಂದ ನೂರಕ್ಕೆ ನಡೆದುಹೋಗಿದ್ದವೋ, ಅದನ್ನು ಅವಳು ಎಂದೂ ಅಳೆದಿರಲಿಲ್ಲ. ಐವರೂ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತರು. ಫಕೀರವ್ವ ನೀರು ಕೊಟ್ಟಳು. ಆಮೇಲೆ ಬಂದ ದಾರಿಯಲ್ಲೇ ನಡೆದರು.

ಹದಿಮೂರನೆಯ ದಿನ ಆದೇಶ ಬಂತು. ಮರ ಕಡಿದು ಸಾಗಿಸಲು ಎರಡು ದಿನ ಸಾಕಾಯಿತು. ಮುಂದಿನ ಶನಿವಾರ ಹೆಂಗಸರು ರಸ್ತೆಯ ಬದಿಯಲ್ಲಿ ಪ್ಲಾಸ್ಟಿಕ್ ತಾಡಪಾಲು ಕಟ್ಟಿಕೊಂಡು ಕೂತರು. ಮಧ್ಯಾಹ್ನದ ಹೊತ್ತಿಗೆ ಮೆಂತ್ಯೆಸೊಪ್ಪು ಬಾಡಿ ಹೋಯಿತು. ಫಕೀರವ್ವ ಇಂದುಮತಿಯನ್ನು ಕಂಡು ಮುಖ ತಿರುಗಿಸಲಿಲ್ಲ. ಬಾಡದ ಒಂದು ಸಿವುಡು ಆರಿಸಿ ಅವಳ ಕೈಗಿಟ್ಟು, “ಇನ್ನೊಂದು ದೊಡ್ಡ ಗಿಡಾ ಎಲ್ಲರ ಐತೇನ್ರಿ ಅಕ್ಕೋರ, ನಾವೆಲ್ಲಾ ಅಲ್ಲೇ ಹೋಗಿ ಕೂಡತೀವಿ,” ಎಂದಳು.

ಇಂದುಮತಿ ಕಚೇರಿಗೆ ಹೋಗಿ ದಾಖಲೆ ತೆರೆದಳು. ಫಲಕ ಹೊತ್ತ ಮರಗಳಲ್ಲಿ ಮೂವತ್ತೊಂದು ಮುಪ್ಪಿನಿಂದಲೋ ಗಾಳಿಗೋ ಆಗಲೇ ಬಿದ್ದಿದ್ದವು; ಉಳಿದವು ಬೇಲಿಗಳ ಒಳಗಿದ್ದವು, ಅಲ್ಲಿ ಯಾರೂ ಕೂರುವಂತಿರಲಿಲ್ಲ. ಫಲಕವಿಲ್ಲದವುಗಳಲ್ಲಿ ಅತಿ ಹಿರಿಯದು ಯಾವುದೆಂದು ಹುಡುಕಿದಳು. ಬಸ್ ಡಿಪೋದ ಹಿಂದಿನ ಒಂದು ಹೊಂಗೆ. ಅದಕ್ಕೆ ಮೂವತ್ತೆಂಟು ವರ್ಷ. ಅದರ ವಯಸ್ಸು ತೆಗೆಸಿದವರು ಯಾರು ಎಂಬ ಕಾಲಂ ಅವಳು ಓದಲಿಲ್ಲ. ಎದ್ದು ಕಿಟಕಿ ಮುಚ್ಚಿ ಹೊರಟಳು. ಆಮೇಲೆ ಅವಳು ಯಾವ ಮರಕ್ಕೂ ಸೂಜಿ ಹಿಡಿಯಲಿಲ್ಲ. ಹಿಡಿಯುವ ಬೇರೆ ಕೈಗಳು ಬೇಕಾದಷ್ಟಿದ್ದವು.

ಆ ಹುಣಸೆ ಮೊಳೆತದ್ದು 1969ರ ಮುಂಗಾರಿನಲ್ಲಿ ಎಂದು ಸೂಜಿ ಬರೆದಿಟ್ಟಿತ್ತು. ಅಂದರೆ ನೀವು ಈ ಕತೆ ಓದುತ್ತಿರುವ ಹೊತ್ತಿಗೆ ಅದಕ್ಕೆ ಅರವತ್ತರ ಆಸುಪಾಸು. ಯಾವ ಕಡತದಲ್ಲೂ ಅದರ ಹೆಸರಿಲ್ಲ, ಯಾವ ನಿಯಮವೂ ಇನ್ನೂ ಅದರ ತನಕ ಬಂದಿಲ್ಲ. ಈ ಶನಿವಾರವೂ ಅದರ ಬುಡದಲ್ಲಿ ಸಂತೆ ಕೂಡುತ್ತದೆ.