ಬೊಳ್ಳಿಯ ಓಲೆ

"ಅಜ್ಜ, ಬೊಳ್ಳಿ ನಿಲ್ತಿದ್ದದ್ದು ಎಲ್ಲಿ? ಇಲ್ಲಿಯಾ, ಅಲ್ಲಿಯಾ?"

ಯಶ್ಮಿತಾ ಮುರಿದ ಗೇಟು ದಾಟಿ ಆಗಲೇ ಒಳಗೆ ಓಡಿದ್ದಳು. ಅಜ್ಜ ಸಂಕಪ್ಪ ಮಾತ್ರ ತುಕ್ಕು ಹಿಡಿದ ಕಂಬದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದರು.

"ಓಡ್ಬೇಡ ಮಗಾ, ತಗಡು ಉಂಟು. ಕಾಲಿಗೆ ತಾಗ್ತದೆ."

ಬೆಳಿಗ್ಗೆ ಅರಬ್ ನಾಡಿನ ಸಲಾಲಾದಿಂದ ಹೊರಟಾಗ ಮಳೆ ಜಿನುಗುತ್ತಿತ್ತು. ಗುಡ್ಡ ಇಳಿದದ್ದೇ ತಡ, ಮಳೆಯೂ ಇಲ್ಲ, ಹುಲ್ಲೂ ಇಲ್ಲ, ಬರೀ ಮರಳು. ಆ ಮರಳಿನ ನಡುವೆ ಈ ಹಳೆಯ ದನದ ಫಾರ್ಮ್. ಅಜ್ಜ ಇಲ್ಲಿ ಹದಿನೆಂಟು ವರ್ಷ ದನ ನೋಡಿಕೊಂಡವರು. ಬಾವಿಯ ನೀರು ಉಪ್ಪಾಗಿ ಫಾರ್ಮ್ ಮುಚ್ಚುವಾಗ, ದನಗಳು ಇನ್ನೂ ಇಲ್ಲಿರುವಾಗಲೇ, ಅಜ್ಜನನ್ನೂ ಉಳಿದ ಕೆಲಸದವರನ್ನೂ ಊರಿಗೆ ಕಳಿಸಿದರು. ಅದಾಗಿ ಐದು ವರ್ಷ. ಈಗ ಮಗನ ಮನೆಗೆ ಬಂದ ಅಜ್ಜ ಕೇಳಿದ್ದು ಒಂದೇ: "ಒಮ್ಮೆ ಫಾರ್ಮ್ ನೋಡ್ಬೇಕು."

ಯಶ್ಮಿತಾಳಿಗೆ ಅವಳದ್ದೇ ಕೆಲಸವಿತ್ತು. ಭಾನುವಾರ ಶಾಲೆಯಲ್ಲಿ ಎಕ್ಸಿಬಿಷನ್. ಬೊಳ್ಳಿಯದ್ದು ಏನಾದರೂ ತಂದೇ ತರುತ್ತೇನೆ ಎಂದು ಕ್ಲಾಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಬೊಳ್ಳಿಯ ಕತೆ ಅವಳಿಗೆ ಬಾಯಿಪಾಠ. ತಾಯಿಯಿಲ್ಲದ ಕರುವಿಗೆ ಅಜ್ಜ ಬಾಟಲಿಯಲ್ಲಿ ಹಾಲು ಕುಡಿಸಿದ್ದು, ದೊಡ್ಡದಾದ ಮೇಲೆ ಅಜ್ಜ ತುಳುವಿನಲ್ಲಿ ಮಾತಾಡಿಸದೆ ಅದು ಹಾಲೇ ಕೊಡದಿದ್ದದ್ದು, ಎಲ್ಲ. ಮ್ಯಾನೇಜರಿಗೆ ಅದು ನಂಬರ್ ಮೂವತ್ತೇಳು, ಅಜ್ಜನಿಗೆ ಬೊಳ್ಳಿ. ಅದೀಗ ಎಲ್ಲಿ ಎಂದರೆ ಅಜ್ಜ ಫೋನಿನಲ್ಲಿ ಪ್ರತಿ ಸಲ ಹೇಳುತ್ತಿದ್ದರು: "ಲಾರಿಯಲ್ಲಿ ನಿಮ್ಮ ಸಲಾಲಾ ಬದಿಗೇ ಬಂದಿದೆಯಂತೆ ಮಗಾ. ಅಲ್ಲಿ ಹುಲ್ಲುಂಟಲ್ಲ." ಅಂದಿನಿಂದ ಗುಡ್ಡದಲ್ಲಿ ದನ ಕಂಡರೆ ಸಾಕು, ಯಶ್ಮಿತಾ ಕಾರಿನಿಂದಲೇ ಅವುಗಳ ಕಿವಿ ನೋಡುತ್ತಿದ್ದಳು.

"ಎರಡೂ ಕಿವಿಗೆ ನಂಬರಿನ ಓಲೆ ಯಾಕಜ್ಜ?" ಎಂದು ಈಗ ಕೇಳಿದಳು.

"ಒಂದು ಎಲ್ಲಿಯಾದ್ರೂ ಸಿಕ್ಕಿ ಬಿದ್ದು ಹೋಗ್ತದೆ. ಆಗ ಇನ್ನೊಂದು ಇರ್ತದಲ್ಲ? ಜೀವ ಇರುವವರೆಗೆ ಎರಡನ್ನೂ ತೆಗೆಯುವ ಹಾಗಿಲ್ಲ. ಸತ್ತ ಮೇಲೆಯೇ ಕತ್ತರಿಸುವುದು."

ಅಜ್ಜ ಕೊಟ್ಟಿಗೆಯ ಆ ತುದಿಗೆ ನಡೆದರು. ಯಶ್ಮಿತಾ ಈ ತುದಿಯಲ್ಲಿ ಕೋಲು ಹಿಡಿದು ಮರಳು ಕೆದಕಿದಳು. ಹಗ್ಗದ ತುಂಡು. ಒಡೆದ ಬಕೆಟ್. ಆಮೇಲೆ ಹಳದಿ ಪ್ಲಾಸ್ಟಿಕ್ಕಿನದ್ದೇನೋ. ಫ್ರಾಕಿಗೆ ಉಜ್ಜಿ ನೋಡಿದಳು: 37!

ಬೊಳ್ಳಿಯದ್ದೇ! ಒಂದು ಓಲೆ ಬಿದ್ದು ಹೋಗಿದೆ, ಇನ್ನೊಂದು ಕಿವಿಯಲ್ಲೇ ಇರುತ್ತದೆ. ಅಜ್ಜನಿಗೆ ಎಷ್ಟು ಖುಷಿಯಾದೀತು! ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಓಡಿದಳು.

ಅಜ್ಜ ಒಣಗಿದ ನೀರಿನ ತೊಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಅವರ ಹೆಗಲು ಅಲುಗುತ್ತಿತ್ತು. ಅವಳ ಹೆಜ್ಜೆ ಕೇಳಿದ್ದೇ ಕೈಯಲ್ಲಿದ್ದದ್ದನ್ನು ಗಡಿಬಿಡಿಯಲ್ಲಿ ಅಂಗಿಯ ಜೇಬಿಗೆ ಹಾಕಿ ಕಣ್ಣು ಒರೆಸಿಕೊಂಡರು.

ತೆಳು ಬಿಳಿ ಅಂಗಿ. ಬೆವರಿಗೆ ಮೈಗೆ ಅಂಟಿತ್ತು. ಜೇಬಿನೊಳಗಿನ ಹಳದಿ ಕಾಣುತ್ತಿತ್ತು. ಅದರ ಮೇಲಿನ ಮೂರು, ಏಳು ಕೂಡ.

ಯಶ್ಮಿತಾ ಅಲ್ಲೇ ನಿಂತಳು. ಎರಡೂ ಓಲೆ ಇಲ್ಲೇ ಇವೆ.

"ಧೂಳು ಮಾರಾಯ್ತಿ, ಕಣ್ಣಿಗೆ ಹೋಯ್ತು," ಎಂದರು ಅಜ್ಜ. "ನಿನಗೆಂತ ಸಿಕ್ಕಿತು?"

ಅವಳು ಮುಷ್ಟಿಯನ್ನು ಬೆನ್ನ ಹಿಂದೆ ಬಿಗಿದುಕೊಂಡಳು. "ಎಂತ ಇಲ್ಲ ಅಜ್ಜ. ಬಾಟಲಿಯ ಮುಚ್ಚಳ."

ಅಜ್ಜ ನಕ್ಕ ಹಾಗೆ ಮಾಡಿದರು. "ಬೊಳ್ಳಿ ಈಗ ಗುಡ್ಡದಲ್ಲಿ ಮೇಯ್ತಾ ಇರ್ಬೇಕು, ಅಲ್ವಾ?"

ಅಳು ಬಂದೇಬಿಡುತ್ತದೆ ಅನ್ನಿಸಿತು ಅವಳಿಗೆ.

"ಹೌದಜ್ಜ. ಈಗ ಮಳೆ ಸಹ ಉಂಟಲ್ಲ. ಹುಲ್ಲು ನನ್ನ ಸೊಂಟದಷ್ಟು ಬಂದಿದೆ."

ಅಜ್ಜ ಅವಳ ಮುಖವನ್ನೇ ನೋಡುತ್ತ ಕೂತರು. ಆಮೇಲೆ ತೊಟ್ಟಿಯ ಅಂಚು ಹಿಡಿದು ಎದ್ದರು.

ಕಾರಿನ ಹತ್ತಿರ ಪಪ್ಪ ಕಾಯುತ್ತಿದ್ದರು. "ಯಲ್ಲಾ, ಬನ್ನಿ, ಹೊರಡುವಾ. ಎಕ್ಸಿಬಿಷನ್ನಿಗೆ ಎಂತಾದ್ರೂ ಸಿಕ್ಕಿತಾ?"

"ಇಲ್ಲ ಪಪ್ಪ. ನಾನು ಬೊಳ್ಳಿಯ ಚಿತ್ರ ಬಿಡಿಸ್ತೇನೆ."

ಹಿಂದಿನ ಸೀಟಿನಲ್ಲಿ ಅವಳು ಅಜ್ಜನ ಪಕ್ಕ ಕೂತಳು. ಅವಳ ಒಂದು ಕೈ ಫ್ರಾಕಿನ ಜೇಬಿನಲ್ಲಿ ಓಲೆಯ ಮೇಲೇ ಇತ್ತು. ಇನ್ನೊಂದರಿಂದ ಅಜ್ಜನ ಕೈ ಹಿಡಿದುಕೊಂಡಳು.

"ಅಜ್ಜ, ಬೊಳ್ಳಿ ಬಾಟಲಿಯಲ್ಲಿ ಹಾಲು ಕುಡಿದ ಕತೆ ಹೇಳಿ."

"ಅದು ನಿನಗೆ ಗೊತ್ತುಂಟಲ್ಲ ಮಗಾ."

"ಆದ್ರೂ ಹೇಳಿ."