ಬೆಳೆಯುವ ಪಟ್ಟಿ

ಬ್ಯಾಡಗಿಯ ಮೆಣಸಿನೆಣ್ಣೆ ಕಾರ್ಖಾನೆಯ ಗೋಡೆಯಲ್ಲಿದ್ದ ಪರದೆಗೆ ರೇಷ್ಮಾ ಬಡಿಗೇರ ಬೆರಳು ತಾಗಿಸಿದಳು. 'ಕೆಲಸ ಬಿಟ್ಟು ಕುಳಿತ ಕಾರಣ' ಎಂಬ ಖಾನೆಯ ಕೆಳಗೆ ಆಯ್ಕೆಗಳು ಇಳಿಬಿದ್ದವು: ದಣಿವು, ಊಟ, ಯಂತ್ರದ ದುರಸ್ತಿ. ಅವಳು ಯಾವುದನ್ನೂ ಆರಿಸದೆ 'ಕಾಲು ಜೋಮು' ಎಂದು ಬರೆದಳು. ಅಕ್ಷರಗಳು ಒಂದು ಕ್ಷಣ ನಿಂತು, ಮೆಲ್ಲಗೆ ಕರಗಿ, 'ದಣಿವು' ಆದವು.

ಹುಬ್ಬಳ್ಳಿಯ ಕಚೇರಿಯಲ್ಲಿ ಕುಳಿತು ಇದನ್ನು ನೋಡುತ್ತಿದ್ದ ಚಾರ್ವಿ ಹಿತ್ತಲಮನಿಗೆ ಕಸಿವಿಸಿಯಾಯಿತು. ಇಂಥ ಖಾನೆಗಳನ್ನು ಪರೀಕ್ಷಿಸುವುದೇ ಅವಳ ಕೆಲಸ.

ಇಪ್ಪತ್ತೊಂದನೆಯ ಶತಮಾನದ ಮೊದಲರ್ಧದಲ್ಲಿ ಇವು ಸರಳವಾಗಿದ್ದವು. ಪಟ್ಟಿಯಿಂದ ಆರಿಸಬಹುದಿತ್ತು, ಇಲ್ಲವೇ ನಮ್ಮದೇ ಮಾತು ಬರೆಯಬಹುದಿತ್ತು. ಬರೆದದ್ದೆಲ್ಲ ಸೇರಿ ಪಟ್ಟಿ ಸಂತೆಯಾಗುತ್ತಿತ್ತು. ಈಗ ಚಾರ್ವಿಯ ಮೇಲಧಿಕಾರಿಯಾಗಿರುವ ಡಾ. ನಿಶಾಂತ ಕುಬಸದ ಅದಕ್ಕೆ ಮದ್ದು ಕಂಡುಹಿಡಿದರು. ಅವರ ಪಟ್ಟಿ ಮಾತಿನ ಅರ್ಥ ಹಿಡಿಯುತ್ತಿತ್ತು. ಬೇರೆಬೇರೆ ಜನ ಒಂದೇ ಅರ್ಥದ ಮಾತು ಬರೆದರೆ ಅದು ಹೊಸ ಆಯ್ಕೆಯಾಗಿ ಮೊಳೆಯುತ್ತಿತ್ತು. ಒಬ್ಬರೇ ಬರೆದರೆ ಹತ್ತಿರದ ಆಯ್ಕೆಯಲ್ಲಿ ಬೆರೆತುಹೋಗುತ್ತಿತ್ತು. ಬರೆದವರು ಯಾರೆಂಬುದನ್ನು ಪರದೆ ಬೆರಳ ತುದಿಯ ನಾಡಿಯಿಂದಲೇ ಗುರುತಿಸುತ್ತಿತ್ತು.

"ಒಬ್ಬಾಕಿನ ದಿನಾ ಬರದ್ರ ಅದು ಆಕಿ ಚಟ, ಸುದ್ದಿ ಅಲ್ಲ," ಎಂದರು ಕುಬಸದ, ಚಹಾ ಆರಿಸುತ್ತ.

"ಆದ್ರ ಸರ, ಉಳದವರು ಒಬ್ಬರೂ ಬೆರಳ ಇಟ್ಟಿಲ್ಲಲ್ರಿ?"

"ಅವರಿಗೆ ಏನೂ ಆಗಿಲ್ಲ ಅಂತ ಅರ್ಥ. ನಿನಗ ಹಾಲಿನಾಗೂ ಹಲ್ಲಿ ಕಾಣ್ತೈತಿ ನೋಡು."

ಇರಬಹುದು ಎಂದುಕೊಂಡಳು ಚಾರ್ವಿ. ಸಂಜೆ ಕಾಲೇಜಿನಲ್ಲಿ ಓದಿದ ತನ್ನಂಥವಳ ಅನುಮಾನ ಅವರ ಗಣಿತದ ಮುಂದೆ ಎಷ್ಟರದು? ಆದರೂ ಅದು ಹಲ್ಲಿನ ಸಂದಿಯ ನಾರಿನಂತೆ ಬಿಡಲಿಲ್ಲ. ಮರುದಿನ ಬ್ಯಾಡಗಿಯ ಬಸ್ಸು ಹತ್ತಿದಳು.

ಕಾರ್ಖಾನೆಯಲ್ಲಿ ಮೆಣಸಿನ ಘಾಟಿನ ಜೊತೆ ಪೆಟ್ರೋಲಿನಂಥ ಸಿಹಿ ವಾಸನೆಯಿತ್ತು. ಕಾಯಿಯಿಂದ ಬಣ್ಣ ಎಳೆಯುವ ದ್ರಾವಕದ ಆವಿ ಅದು. ಹೆಂಗಸರ ಕೈಗಳು ಮೊಣಕೈವರೆಗೆ ಕೆಂಪು. ರೇಷ್ಮಾಳವು ಮಾತ್ರ ಶುಭ್ರ.

"ನೀವು ಕಾಯಿ ಮುಟ್ಟೂದಿಲ್ಲೇನ್ರಿ ಅಕ್ಕಾರ?"

"ನಾ ಬಿಳಿಗೈಯಾಕಿ ರೀ," ಎಂದು ರೇಷ್ಮಾ ನಕ್ಕಳು. "ಎಣ್ಣಿ ಹತ್ತಿದ ಬೆರಳು ನಿಮ್ಮ ಪರದೆ ಒಪ್ಪೂದಿಲ್ಲ. ಅದಕ್ಕ ನನ್ನೊಬ್ಬಾಕಿನ್ನ ಕೈ ತೊಳಸಿ ಕುಂದರಸ್ಯಾರ. ಇವರಿಗೆ ನೀರು ಕುಡಸೂದು, ಕಣ್ಣೀರು ಒರಸೂದು, ಎಲ್ಲಾರ ಸಲುವಾಗಿ ಬರಿಯೂದು, ಎಲ್ಲಾ ನಂದ."

"ಅಂದ್ರ ಜೋಮು ನಿಮಗಲ್ಲ?"

"ನನಗೇನು ಧಾಡಿ! ಇವರಿಗೆ. ಈ ತನಿಷ್ಕಾ ಕಾಲಾಗ ಚಪ್ಪಲಿ ಐತೋ ಇಲ್ಲೋ ಅಂತ ಬಗ್ಗಿ ನೋಡ್ತಾಳ."

"ಸುಮ್ನಿರಬೇ, ಎಲ್ಲಾರ ಮುಂದ," ಎಂದಳು ಪಕ್ಕದಲ್ಲಿದ್ದ ತನಿಷ್ಕಾ. ಅವಳು ಗೋಡೆ ಹಿಡಿದು ನಿಂತಿದ್ದಳು.

ಇಷ್ಟೊಂದು ಜನರ ಕಾಲು ಪರದೆಯ ಲೆಕ್ಕದಲ್ಲಿ ಒಬ್ಬಳ ಚಟವಾಗಿತ್ತು. ಚಾರ್ವಿ ಕಡಲೆಹಿಟ್ಟು ತರಿಸಿ ಎಲ್ಲರ ಕೈ ಉಜ್ಜಿಸಿ ತೊಳೆಸಿದಳು. ಒಬ್ಬೊಬ್ಬರಾಗಿ ಬಂದು ಬರೆದರು. ಮೊದಲ ಕೆಲವರದ್ದು ಕರಗಿತು. ಆಮೇಲೆ ಪಟ್ಟಿ ತುಸು ಕೆಳಗೆ ಸರಿದು, ನಡುವೆ ಹೊಸ ಸಾಲೊಂದು ಮೊಳೆಯಿತು: 'ಕಾಲು ಜೋಮು'. ಕಾಯಿಲೆಯ ಸಾಲು ಮೊಳೆತರೆ ಯಂತ್ರ ನಿಲ್ಲಿಸುವಂತೆ ಪಟ್ಟಿಯನ್ನು ಹೊಂದಿಸಿದ್ದರು. ಕೂಡಲೇ ಎಚ್ಚರಿಕೆಯ ಗಂಟೆ ಬಾರಿಸಿತು, ದ್ರಾವಕದ ಕೊಳವೆಗಳು ತಾವೇ ಮುಚ್ಚಿಕೊಂಡವು.

ಮಧ್ಯಾಹ್ನ ಬಂದ ವೈದ್ಯೆ ತನಿಷ್ಕಾಳ ಅಂಗಾಲಿಗೆ ಸೂಜಿ ತಾಗಿಸಿದರು. ತನಿಷ್ಕಾ ಬೇರೆಲ್ಲೋ ನೋಡುತ್ತಿದ್ದಳು.

"ಆವಿ ನರ ತಿಂದೈತಿ. ಯಾವಾಗಿಂದ ಹಿಂಗ?"

ಯುಗಾದಿಗೆ ಮೊದಲು ಎಂದರು ಕೆಲವರು. ಇಲ್ಲ, ದೀಪಾವಳಿಗೇ ಇತ್ತು ಎಂದರು ಉಳಿದವರು.

"ಬಡದಾಡಬ್ಯಾಡ್ರೆ," ರೇಷ್ಮಾ ಗದರಿದಳು. "ದಿನಾ ಬರದೀನಿ. ತಗದು ನೋಡ್ರಿ, ಅದರಾಗ ಐತಿ."

ಚಾರ್ವಿ ತೆರೆದಳು. ದೀಪಾವಳಿಯಲ್ಲಿ ದಣಿವು. ಅದಕ್ಕೂ ಹಿಂದೆ ದಣಿವು. ನಿಜಕ್ಕೂ ದಣಿದು ಕುಳಿತದ್ದು ಯಾವುದು, ಕಾಲು ಸತ್ತು ಕುಳಿತದ್ದು ಯಾವುದು? ಕುಬಸದರಿಗೆ ಫೋನು ಮಾಡಿದಳು.

"ಸರ, ಅವರು ಮೊದಲು ಬರದದ್ದು ಎಲ್ಲೂ ಉಳದಿಲ್ಲೇನ್ರಿ?"

"ಕಸ ಗುಡಿಸಿ ಯಾರಾದರೂ ಡಬ್ಬ್ಯಾಗ ಇಡ್ತಾರೇನು?" ಎಂದರು ಕುಬಸದ.

"ತಿಂಗಳೋ ವರ್ಷೋ ತಿಳದಿದ್ರ ಈ ಕಾಲು ಸುಧಾರಿಸ್ತಾವೋ ಇಲ್ಲೋ ಹೇಳಬಹುದಿತ್ತು," ಎಂದು ವೈದ್ಯೆ ಚೀಲ ಮುಚ್ಚಿದರು.

ರೇಷ್ಮಾ ಪರದೆಯತ್ತ ತಿರುಗಿದಳು. "ಹಂಗಾರ ಇಷ್ಟು ದಿನ ನಾ ಯಾರಿಗೆ ಬರದೆ?"

ಆ ಪ್ರಶ್ನೆ ಕೇಳಲು ನಾವು ರೇಷ್ಮಾಳ ಕಾಲದವರೆಗೆ ಕಾಯಬೇಕಿಲ್ಲ. ಇಂದಿಗೂ 'ಇತರೆ' ಎಂಬ ಖಾನೆಯಲ್ಲಿ ನಮ್ಮ ಮಾತು ಬರೆದು, 'ಸಲ್ಲಿಸು' ಒತ್ತಿ, ಯಾರೋ ಓದಿದರೆಂದು ನಂಬಿ ಎದ್ದು ಹೋಗುತ್ತೇವೆ.